ಎರಡು ಕಟ್ಟರ್, ಒಂದು ಬಾಯಿ ನೀರು

“ಪೀಂ... ಪೀಂ!”

“ಅಯ್ಯೋ, ಮತ್ತೆ ಕೂಗ್ತಾ ಇದು?” ಚಿಕ್ಕಮ್ಮ ಹಣೆ ಚಚ್ಚಿಕೊಂಡಳು.

ಕೂಗಿದ್ದು ಮೆಷಿನ್ ಅಲ್ಲ. ಚಿಕ್ಕಮ್ಮನ ಬೆನ್ನ ಹಿಂದೆ ಹೋಂವರ್ಕ್ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಿದ್ದ ಪೀಪಿ. ಇದು ನಡೆದದ್ದೇ. ಸುಳ್ಳು ಅನ್ನಿಸಿದರೆ ಆ ಪುಸ್ತಕವನ್ನೇ ಕೇಳಿ. ಅವಳು ಅದನ್ನು ತಲೆಕೆಳಗಾಗಿ ಹಿಡಿದಿದ್ದಳು.

ಕುಕ್ಕರ್, ಪಕ್ಕದ ಮನೆ ಬೆಕ್ಕು, ಹೆಡ್‌ಮೇಡಂ ಅವರ ಸೀನು, ಯಾವುದನ್ನು ಬೇಕಾದರೂ ಹಾಗೇ ಕೂಗಿ ತೋರಿಸುತ್ತಿದ್ದಳು. ಅದಕ್ಕೇ ಪೀಪಿ ಅಂತ ಹೆಸರು.

ಚಿಕ್ಕಮ್ಮನ ಕೆಲಸ ಇಂಟರ್ನೆಟ್ ಕೇಬಲ್ ಒಳಗಿನ ಗಾಜಿನ ಎಳೆ ಜೋಡಿಸುವುದು. ಕೂದಲಿನಷ್ಟು ತೆಳು ಎಳೆ! ಅದರ ತುದಿಯನ್ನು ಕಟ್ಟರ್‌ನಲ್ಲಿ ನೀಟಾಗಿ ಕತ್ತರಿಸಬೇಕು. ಆಮೇಲೆ ಮೆಷಿನ್ ಎರಡು ತುದಿಗಳನ್ನು ಕರಗಿಸಿ ಬೆಸೆಯುತ್ತದೆ. ಬೆಸುಗೆ ಸರಿಯಿದ್ದರೆ ಮೆಷಿನ್ ಗಪ್‌ಚಿಪ್. ಕೆಟ್ಟರೆ ಪೀಂ ಪೀಂ. ಬಿಸಿಲಲ್ಲಿ ಸ್ಕ್ರೀನ್ ಕಾಣುವುದಿಲ್ಲ ಅಂತ ಚಿಕ್ಕಮ್ಮ ಕಿವಿಯನ್ನೇ ನಂಬಿದವಳು. ಮನೆಯಲ್ಲೂ ಅದೇ ಅಭ್ಯಾಸ.

ಇವತ್ತು ಮೇಜಿನ ಮೇಲೆ ಎರಡು ಹೊಸ ಕಟ್ಟರ್, ಯಾವುದು ವಾಸಿ ಅಂತ ನೋಡಿ ಹೇಳಲು ಆಫೀಸಿನವರು ಕೊಟ್ಟದ್ದು. ಮಿರಮಿರ ಮಿಂಚುವ ಕೆಂಪು ಒಂದು, ಇಸ್ತ್ರಿಪೆಟ್ಟಿಗೆಯ ತಮ್ಮನಂಥ ಕರಿದು ಇನ್ನೊಂದು. ಕೆಂಪಿನಲ್ಲಿ ಕತ್ತರಿಸಿದಾಗ ಮೆಷಿನ್ ಐದರಲ್ಲಿ ಒಂದು ಸಲ ಕೂಗಿತ್ತು. ಕರಿದರಲ್ಲಿ ಎರಡು ಸಲ. ಆ ಎರಡೂ ಪೀಪಿಯದೇ!

ಚಿಕ್ಕಮ್ಮ ಫೋನ್ ಎತ್ತಿಕೊಂಡಳು. “ಕರಿದು ಬೇಡ. ನಮ್ಮ ಹನ್ನೆರಡು ಜನಕ್ಕೂ ಕೆಂಪೇ ತರಿಸಿ ಅಂತ ಸಾಹೇಬ್ರಿಗೆ ಹೇಳ್ಬಿಡ್ತೀನಿ.”

ಪೀಪಿ ಪುಸ್ತಕ ಕೆಳಗಿಟ್ಟಳು. ಮೊನ್ನೆ ಆ ಹನ್ನೆರಡು ಜನರಲ್ಲೊಬ್ಬ ಟೆಕ್ನಿಷಿಯನ್ ಅಣ್ಣ ಶಾಲೆ ಎದುರಿನ ಕಂಬವನ್ನು ಮೂರು ಸಲ ಹತ್ತಿ ಇಳಿದಿದ್ದ. ಕಟ್ಟರ್ ಸರಿಯಿಲ್ಲದೆ ಬೆಸುಗೆ ಕೂಡಿರಲೇ ಇಲ್ಲ. ಶರ್ಟೆಲ್ಲ ಬೆವರು. ಮಕ್ಕಳು “ಒನ್ಸ್ ಮೋರ್!” ಅಂತ ಕೂಗಿದ್ದರು, ಎಲ್ಲರಿಗಿಂತ ಜೋರಾಗಿ ಪೀಪಿ.

“ಚಿಕ್ಕಮ್ಮಾ, ಫೋನ್ ಇಡು! ಕರಿದು ಚೆನ್ನಾಗೇ ಇದೆ. ಕೂಗಿದ್ದು... ಪೀಂ ಪೀಂ.”

ಚಿಕ್ಕಮ್ಮ ಮೆಷಿನ್ ನೋಡಿದಳು. ಅವಳನ್ನು ನೋಡಿದಳು. “ಎಲಾ ಇವಳ! ಎರಡೂ ಸಲ?”

“ಹೂಂ.”

“ಸರಿ, ಮತ್ತೆ ಮೊದಲಿಂದ. ಎರಡರಲ್ಲೂ ಹತ್ತತ್ತು. ನೀನು ಬಾಯಿ ತುಂಬ ನೀರು ತುಂಬ್ಕೊಂಡು ಬಾಗಿಲ ಹತ್ರ ನಿಂತ್ಕೋ. ಒಂದು ಹನಿ ಬಿದ್ರೂ ನೋಡು!”

ಕರಿದು: ಹತ್ತೂ ಗಪ್‌ಚಿಪ್. ಕೆಂಪು: ಒಂದು, ಎರಡು...

“ಪೀಂ ಪೀಂ!”

“ಏಯ್ ಪೀಪಿ!” ಚಿಕ್ಕಮ್ಮ ಗಿರ್ರನೆ ತಿರುಗಿದಳು.

ಪೀಪಿಯ ಕೆನ್ನೆಗಳು ಬಲೂನಿನ ಹಾಗೆ ಉಬ್ಬಿದ್ದವು. ಎರಡೂ ಕೈಯಲ್ಲಿ ಮೆಷಿನ್ ಕಡೆ ತೋರಿಸುತ್ತಿದ್ದಳು: ಅದು! ಅದು!

ಕೆಂಪಿನಲ್ಲಿ ಹತ್ತಕ್ಕೆ ನಾಲ್ಕು ಸಲ ಕೂಗಿತು. ನಾಲ್ಕು ಸಲವೂ ಚಿಕ್ಕಮ್ಮ ತಿರುಗಿ ನೋಡಿದಳು. ನಾಲ್ಕು ಸಲವೂ ಅದೇ ಬಲೂನು.

“ಸರ್, ಕರಿದೇ ತರಿಸಿ. ಹೇಗೆ ಗೊತ್ತಾಯ್ತು ಅಂತೀರಾ? ನಮ್ಮನೇಲಿ ಒಂದು...” ಫೋನ್ ಹಿಡಿದೇ ಚಿಕ್ಕಮ್ಮ ನಗತೊಡಗಿದಳು. ಫೋನಿನೊಳಗೆ ಸಾಹೇಬರು ಹಲೋ ಹಲೋ ಅನ್ನುತ್ತಲೇ ಇದ್ದರು.

ಪೀಪಿ ಸದ್ದಿಲ್ಲದೆ ನೀರು ನುಂಗಿದಳು. ಇನ್ನು ಮುಂದೆ ಆ ಅಣ್ಣ ಕಂಬವನ್ನು ಎಷ್ಟು ಸಲ ಹತ್ತಬೇಕಾದೀತು? ಬೆರಳಲ್ಲಿ ಎಣಿಸಲು ಹೊರಟಳು. ಒಂದೇ ಬೆರಳು ಸಾಕಾಯಿತು.

ಆಮೇಲೆ ಅವಳೂ ನಕ್ಕಳು. ಆದರೆ ಚಿಕ್ಕಮ್ಮನ ನಗುವಿನ ಮುಂದೆ ಅದು ಕೇಳಿಸಲೇ ಇಲ್ಲ.