ಸೋಮವಾರ ಹೂಡದ ಟೆಂಪೋ

"ಅಲ್ರಿ, ಸಮುದ್ರಕ್ಕ ಹೊಂಟೀರೋ, ಊರ ಬಿಟ್ಟ ಹೊಂಟೀರೋ?"

ಮಿಶ್ರಿಕೋಟಿಯ ಮಹಿಳಾ ಮಂಡಳದ ಬಾಗಿಲಲ್ಲಿ ನಿಂತು ಹೀಗೆ ಕೇಳಿದವನು ದುಮ್ಮವಾಡದ ಈರಬಸಪ್ಪ. ಟೆರಿಕಾಟ್ ಪ್ಯಾಂಟು, ಎದೆಯ ಎರಡು ಗುಂಡಿ ಬಿಚ್ಚಿದ ಅಂಗಿ, ಬೆರಳಲ್ಲಿ ಗಿರಗಿರ ತಿರುಗುವ ಹೊಸ ಟೆಂಪೋದ ಕೀಲಿ. ಇಡೀ ಧಾರವಾಡ ಜಿಲ್ಲೆ ತನ್ನ ಬಾಡಿಗೆಗಾಗಿಯೇ ಕಾದು ಕುಳಿತಿದೆ ಎನ್ನುವಂಥ ಮುಖ!

ಎಂಬತ್ನಾಲ್ಕರ ಮಾತು. ಕೂಲಿಗೆ ಹೋಗುವ ಹೆಂಗಸರೆಲ್ಲ ಸೇರಿ ಒಂದು ದಿನದ ಮಟ್ಟಿಗೆ ಕಾರವಾರ ನೋಡಿ ಬರಬೇಕೆಂದು ನಿಶ್ಚಯಿಸಿದ್ದರು. ಸಮುದ್ರದ ನೀರು ಉಪ್ಪಂತೆ ಎಂದು ಕೇಳಿದ್ದೇ ತಡ, ಕುಡಿಯುವ ನೀರಿಗೆ ಯಾರ ಮನೆಯ ಕೊಡ ಎಂದು ಜಗಳ ಶುರುವಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ!

ಹೊಲಿಗೆ ಕಲಿಸುವ ನೀಲಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಳತೆ ತೆಗೆದುಕೊಳ್ಳಲಿಕ್ಕೂ ಯೋಗ್ಯವಲ್ಲದ ಬಟ್ಟೆಯನ್ನು ನೋಡುವ ಹಾಗೆ.

"ಗಾಡಿ ಹೊಡ್ಯಾವ್ರು ಗಾಡಿ ಹೊಡದ್ರ ಸಾಕ್ರಿ. ನಿಮ್ಮ ನಗಿ ನಮಗ ಬ್ಯಾಡ."

ಕೀಲಿ ತಿರುಗುವುದು ನಿಂತಿತು. ಅವನು ಅವಳನ್ನೇ ನೋಡಿದ. ನೀಲಕ್ಕನ ಎದೆ ಒಮ್ಮೆ ಧಸಕ್ಕೆಂದಿತು... ಥೂ, ಇಂಥವನಿಗಾಗಿಯೇ?

ಸಂಜೆ ಅವಳ ಸೋದರಮಾವ ಅಂದಾನೆಪ್ಪ ನಗುತ್ತ ಸುದ್ದಿ ಹೇಳಿದ. ದುಮ್ಮವಾಡದಿಂದ ಅವಳಿಗೆ ಬಂದಿದ್ದ ಸಂಬಂಧದ ಹುಡುಗ ಇವನೇ! ಬಾಡಿಗೆಯ ನೆಪದಲ್ಲಿ ಹುಡುಗಿಯನ್ನು ಕದ್ದು ನೋಡಿ ಹೋಗಲು ಬಂದಿದ್ದನಂತೆ. ಕಾರವಾರಕ್ಕೆ ಹೋಗಿ ಬಂದ ಮೇಲೆಯೇ ತನ್ನ ಉತ್ತರ ಎಂದಳು ನೀಲಕ್ಕ. ಒಲ್ಲೆ ಎನ್ನುವುದು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

ಮಂಡಳಕ್ಕೆ ಅವನ ಓಡಾಟ ಹೆಚ್ಚಿತು. ಬಂದವನು ಕಾರವಾರವನ್ನು ತಾನೇ ಕಟ್ಟಿಸಿದವನಂತೆ ಮಾತಾಡುತ್ತಿದ್ದ. ರಾಣಿ ಸರ್ಕಾರದ ಕಾಲದ ಬಂದರು, ದೀಪದ ಕಂಬ, ಸಮುದ್ರಕ್ಕೆ ಮುಖ ಮಾಡಿದ ದೊರೆಗಳ ಹೆಂಚಿನ ಬಂಗಲೆಗಳು, ಸಂಜೆಯ ಗಾಳಿಗೆ ಛತ್ರಿ ಹಿಡಿದು ಅಡ್ಡಾಡುತ್ತಿದ್ದ ಬಿಳಿ ಮಡ್ಡಮ್ಮಂದಿರು... ಮುದುಕಿ ಫಕೀರವ್ವನ ಮುತ್ಯಾ ಅದೇ ಬಂದರಿಗೆ ಹತ್ತಿಯ ಚಕ್ಕಡಿ ಹೊಡೆದವನು. ಆಕೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಬಾಯಿ ನೋಡಿದರೆ ಬೊಂಬಾಯಿ, ಎಂದುಕೊಳ್ಳುತ್ತಿದ್ದಳು ನೀಲಕ್ಕ. ಆದರೂ ಅವನು ಬಾರದ ದಿನ ಹೊಲಿಗೆ ಸೊಟ್ಟಗಾಗುತ್ತಿತ್ತು. ಅದಕ್ಕೂ ಅವನ ಮೇಲೆಯೇ ಸಿಟ್ಟು!

ದಿನ ಗೊತ್ತು ಮಾಡುವಾಗ ಎಲ್ಲ ಕೆಟ್ಟಿತು.

ಸೋಮವಾರ ಬಸವಣ್ಣನ ವಾರ. ಎತ್ತುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಹೊಲದಲ್ಲಿ ಕೆಲಸ ಕಡಿಮೆ, ಹೆಂಗಸರಿಗೆ ಬಿಡುವು ಸಿಗುವುದು ಅಂದೇ. ಹಾಗಾಗಿ ಸೋಮವಾರವೇ ಹೋಗುವುದೆಂದು ನೀಲಕ್ಕ ಹೇಳಿದಳು.

ಈರಬಸಪ್ಪನ ಮುಖ ಕಪ್ಪಿಟ್ಟಿತು. ರವಿವಾರ ಹೋದರಾಗದೇ ಎಂದ. ಕ್ಲಚ್ಚು ಸರಿಯಿಲ್ಲ ಎಂದ. ಘಟ್ಟದ ದಾರಿ ಕೆಟ್ಟಿದೆ ಎಂದ. ಕುಣಿಯಲಾರದವಳಿಗೆ ನೆಲ ಡೊಂಕು! ಮೊನ್ನೆಯಷ್ಟೇ ತನ್ನ ಗಾಡಿಗೆ ತಾನೇ ಧಣಿ ಎಂದು ಮೀಸೆ ತಿರುವಿದವನು ಇವನೇ.

ನೀಲಕ್ಕನಿಗೆ ಥಟ್ಟನೆ ಹೊಳೆಯಿತು. ಕೆಸರುಗಾಲಿನ ಕೂಲಿ ಹೆಂಗಸರು ಹೊಸ ಟೆಂಪೋ ಹತ್ತುವುದು ಇವನಿಗೆ ಬೇಡವಾಗಿದೆ!

"ನಮ್ಮಂಥಾವ್ರು ಕುಂತ್ರ ನಿಮ್ಮ ಸೀಟ ಹೊಲಸ ಆಗ್ತಾವೇನ್ರಿ?"

ಈರಬಸಪ್ಪ ಕೀಲಿಯನ್ನು ಜೇಬಿಗೆ ಇಳಿಸಿದ. ಸೋಮವಾರ ನಸುಕಿನಲ್ಲೇ ಬರುತ್ತೇನೆಂದು ತಗ್ಗಿದ ದನಿಯಲ್ಲಿ ಹೇಳಿ ಹೊರಟುಹೋದ.

ಸೋಮವಾರ ಬಂತು. ಹೆಂಗಸರು ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ಉಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕಾದರು. ಬೆಳಕು ಹರಿಯಿತು. ಟೆಂಪೋದ ಸುಳಿವಿಲ್ಲ.

'ನನಗೆ ಗೊತ್ತಿತ್ತು,' ಎಂದುಕೊಂಡಳು ನೀಲಕ್ಕ. ಗೊತ್ತಿದ್ದರೆ ಕಣ್ಣೇಕೆ ತುಂಬಬೇಕು? ಇಂದು ಸಂಜೆಯೇ ಮಾವನಿಗೆ ಒಲ್ಲೆ ಎಂದುಬಿಡಬೇಕು.

ಅಷ್ಟರಲ್ಲಿ ದುಮ್ಮವಾಡದ ಹಾದಿಯಿಂದ ಒಬ್ಬ ನಡೆದು ಬಂದ. ಮೊಣಕಾಲಿನವರೆಗೆ ಧೂಳು, ಬೆವರಿಗೆ ಅಂಟಿದ ಅಂಗಿ. ಈರಬಸಪ್ಪ!

"ಗಾಡಿ ಎಲ್ಲೈತ್ರಿ?" ಎಂದಳು ನೀಲಕ್ಕ.

ಎಲ್ಲರೂ ಕೇಳುವಂತೆಯೇ ಅವನು ಹೇಳಿದ.

"ಕೊಟ್ಟಿಗ್ಯಾಗ ಐತ್ರಿ. ಎತ್ತ ಮಾರಿ ತಂದ ಗಾಡಿ, ಅದೂ ಎತ್ತನ ಅಂತಾನ ನಮ್ಮಪ್ಪ. ಸೋಮವಾರ ಅದಕ್ಕ ಇಬತ್ತಿ ಹಚ್ಚಿ ನಿಂದರಸ್ತಾನ, ಹೂಡಗೊಡಂಗಿಲ್ಲ. ರಾತ್ರೆಲ್ಲ ಕಾಲ ಹಿಡದೆ, ಕೇಳಲಿಲ್ಲ. ಮೊದಲ ಹೇಳಿದ್ರ ನೀವು ನಗತೀರಂತ ಸುಳ್ಳ ಹೇಳಿದೆ... ಆದ್ರ ಹೊಲಸ ಅಂದ್ರಲ್ಲ, ಆ ಮಾತ ನನ್ನ ಮನಸಿನ್ಯಾಗ ಇದ್ದಿಲ್ರಿ."

ಟೆಂಪೋಕ್ಕೆ ವಿಭೂತಿ ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ನೀಲಕ್ಕ ನಗಲಿಲ್ಲ. ಅವನಿಗೆ ಅಂದ ಮಾತು ಈಗ ಅವಳನ್ನೇ ಇರಿಯುತ್ತಿತ್ತು. ಜಂಬಗಾರ ಎಂದು ತಾತ್ಸಾರ ಮಾಡಿದ್ದು ಸರಿಯೇ. ಆದರೆ ಕೆಟ್ಟವನು ಎಂದು ತೀರ್ಮಾನಿಸಲು ಅವಳಿಗೆ ಯಾವ ಹಕ್ಕಿತ್ತು? ನಗೆಗೆ ಅಂಜುವವನು ಇಷ್ಟು ಜನರ ನಗೆಯ ನಡುವೆ ತಲೆ ತಗ್ಗಿಸಿ ನಿಂತಿದ್ದ... ಅವಳಿಗಾಗಿ!

ಯಲ್ಲಾಪುರದ ಮೇಲೆ ಕಾರವಾರಕ್ಕೆ ಹೋಗುವ ಸರ್ಕಾರಿ ಬಸ್ಸು ಬಂದು ನಿಂತಿತು. ಹೆಂಗಸರು ನುಗ್ಗಿದರು. ಈರಬಸಪ್ಪ ಕೆಳಗೇ ಉಳಿದ.

ನೀಲಕ್ಕ ಮೆಟ್ಟಿಲ ಮೇಲಿಂದ ತಿರುಗಿದಳು. "ಹತ್ರಿ. ಅಲ್ಲೇನ ನಿಂತೀರಿ?"

ಅವನು ಹತ್ತಿದ. ಅವಳು ಕಿಟಕಿಯ ಪಕ್ಕ ಕುಳಿತು, ಸೀಟಿನ ಮೇಲಿದ್ದ ಗಂಟನ್ನು ತೊಡೆಗೆ ಎಳೆದುಕೊಂಡು ಜಾಗ ಮಾಡಿದಳು.

"ತಪ್ಪ ನಂದೂ ಐತಿ. ಅಷ್ಟ ಕೆಟ್ಟ ಮಾತ ಅನ್ನಬಾರದಿತ್ತು," ಎಂದಳು ಮೆಲ್ಲಗೆ. ಮರುಕ್ಷಣವೇ ಹುಬ್ಬು ಗಂಟಿಕ್ಕಿದಳು. "ಇನ್ನ ಏನರ ಸುಳ್ಳ ಉಳದಿದ್ರ ಈಗ ಹೇಳಿಬಿಡ್ರಿ. ಮದುವಿ ಆದಮ್ಯಾಗ ಗೊತ್ತಾದ್ರ ಚಲೋ ಇರಂಗಿಲ್ಲ."

ಮದುವೆ...! ಆ ಶಬ್ದ ಅವನ ತಲೆಗೆ ಹೋಗಲು ಬಸ್ಸು ಊರು ದಾಟಬೇಕಾಯಿತು. ಆಮೇಲೆ ಕಿವಿಯವರೆಗೂ ಕೆಂಪಾದ.

"ಒಂದ ಉಳದೈತ್ರಿ," ಎಂದ.

"ಏನು?"

"ಕಾರವಾರ ನಾನೂ ನೋಡಿಲ್ರಿ."

ನೀಲಕ್ಕ ಅವನನ್ನೇ ದಿಟ್ಟಿಸಿದಳು. ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ನಿಂತಳು.

"ಹಂಗಾದ್ರ ಕಿಟಕಿ ಬಾಜೂಕ ನೀವ ಕೂಡ್ರಿ."