ಮಹಡಿ ಕೋಣೆಯ ಎರಡು ಕಂಬಳಿ

ನಾನು ದರ್ಜಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಯಾರಾದರೂ ಏನಾದರೂ ಎಸೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತು ನಾವು ಸವಾರಿ ಎಂದು ಕರೆಯುವ ಹುಡುಗಿ ಪತ್ರಿಕೆಯೊಂದನ್ನು ರಪ್ಪನೆ ಎಸೆದಾಗಲೂ ಬೈಯಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

"ಟೀಸಿಯಮ್ಮ ಎಲ್ಲಿ?" ಎಂದಳು.

ಟೀಸಿಯಮ್ಮ ಅಲ್ಲೇ ಕಿಟಕಿ ಪಕ್ಕ ಟೀ ಕುಡಿಯುತ್ತಿದ್ದರು. ರೈಲಿನಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು, ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ವಾಸ. ಕಟ್ಟಡದಲ್ಲಿ ಏನು ಕಳುವಾದರೂ ಜನ ಬರುವುದು ಅವರ ಬಳಿಗೆ. ತಲೆ ಓಡಿಸುವುದು ಅವರು, ಕಾಲು ಓಡಿಸುವುದು ನಾನು.

ಸವಾರಿ ಮೂರನೇ ಮಹಡಿಯ ಹುಡುಗಿ. ಮೂರು ವರ್ಷದ ಹಿಂದೆ ಇದ್ದ ಕೆಲಸ ಬಿಟ್ಟು ಊರೂರು ಸುತ್ತಿ, ಫೋಟೋ ತೆಗೆದು, ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದಳು. ಮೆಟ್ಟಿಲಿಳಿದಾಗಲೆಲ್ಲ "ಸವಾರಿ ಎತ್ತ ಕಡೆಗೆ?" ಎಂದು ನಾನು ರೇಗಿಸಿ ರೇಗಿಸಿ ಅದೇ ಅವಳ ಹೆಸರಾಯಿತು. ಒಂದೇ ಒಂದು ಮುಖಪುಟ ಲೇಖನ ಬಂದರೆ ಬದುಕು ನೆಲೆ ನಿಲ್ಲುತ್ತದೆಂದು, ಮುಚ್ಚಲಿದ್ದ ದೀಪಸ್ತಂಭವೊಂದರ ದ್ವೀಪದಲ್ಲಿ ಹನ್ನೊಂದು ದಿನ ಇದ್ದು ಬಂದಿದ್ದಳು.

"ನನ್ನ ದ್ವೀಪ, ನನ್ನ ಫೋಟೋ! ಹೆಸರು ಮಾತ್ರ ಯಾರದೋ," ಎಂದಳು. ಮುಖಪುಟದಲ್ಲಿ 'ಅಲೆಗಾತಿ' ಎಂಬ ಕಾವ್ಯನಾಮವಿತ್ತು. "ನಾನು ತಿದ್ದಿ ತಿದ್ದಿ ಕಳಿಸೋಷ್ಟರಲ್ಲಿ ಎರಡು ವಾರ ತಡವಾಯ್ತು. ನನ್ನ ಮೊದಲೆರಡು ಫೋಟೋ ಮಾತ್ರ ನೋಡಿ, ಇಬ್ಬರ ಹತ್ರಾನೂ ಒಂದೇ ಫೋಟೋ ಇದೆ, ಮೊದಲು ಬಂದಿದ್ದು ಅವರದು, ನೀನೇ ಕಳ್ಳಿ ಅಂತಾರೆ ಸಂಪಾದಕರು. ನಾಳೆ ಸಂಜೆಯೊಳಗೆ ಸಾಬೀತು ಮಾಡದಿದ್ರೆ ಬೇರೆ ಪತ್ರಿಕೆಗಳಿಗೂ ತಿಳಿಸ್ತಾರಂತೆ. ಆಮೇಲೆ ನನ್ನ ಬರಹಾನ ಯಾರೂ ಮೂಸಿಯೂ ನೋಡಲ್ಲ."

"ಪೂರ್ತಿ ಓದಿದ್ಯಾ?"

"ಮೊದಲ ಪುಟಕ್ಕೇ ಕಣ್ಣು ಮಂಜಾಯ್ತು. ಮಾತೆಲ್ಲ ನನ್ನದು ಟೀಸಿಯಮ್ಮ, ವಾಕ್ಯ ನನ್ನದಲ್ಲ. ಯಾರೋ ನನ್ನ ಬಾಯಿಂದ ಕೇಳಿ ಬರೆದ ಹಾಗಿದೆ."

ನನ್ನ ಬೆರಳು ಆಗಲೇ ಮೇಲಕ್ಕೆ ತೋರಿಸುತ್ತಿತ್ತು. ಅವಳ ಕೆಲಸದ ಕೋಣೆಯನ್ನು ಹಂಚಿಕೊಂಡಿದ್ದ ಮದುವೆ ಫೋಟೋಗ್ರಾಫರನನ್ನು ನಾವು ಫ್ಲ್ಯಾಶ್ ಎನ್ನುತ್ತಿದ್ದೆವು. ಅವಳ ಟಿಪ್ಪಣಿ ಪುಸ್ತಕ ಅವನ ಕೈಗೆಟುಕುವಲ್ಲೇ ಇರುತ್ತಿತ್ತು, ಅವಳ ಅಷ್ಟೂ ಫೋಟೋ ಅವನ ಕಂಪ್ಯೂಟರಿನಲ್ಲಿತ್ತು. "ಅವನಲ್ಲದೆ ಇನ್ಯಾರು?" ಎಂದೆ.

"ನೀವು ಸ್ವಲ್ಪ ಸುಮ್ನಿರಿ," ಎಂದರು ಟೀಸಿಯಮ್ಮ. "ಫೋಟೋ ಇನ್ನೆಲ್ಲಾದ್ರೂ ಇದೆಯಾ?"

"ಫೋಟೋ ತುಂಬಿದ ಮೊದಲ ಮೆಮೊರಿ ಕಾರ್ಡನ್ನ ಯಾವಾಗ್ಲೂ ದಾರಿಯಲ್ಲೇ ಅಂಚೆಗೆ ಹಾಕಿ ಅಕ್ಕನಿಗೆ ಕಳಿಸ್ತೀನಿ. ಕ್ಯಾಮೆರಾ ನೀರಿಗೆ ಬಿದ್ರೂ ಅಷ್ಟಾದ್ರೂ ಉಳಿಯುತ್ತೆ, ಬಂದ ಮೇಲೆ ವಾಪಸ್ ತಗೋತೀನಿ. ಈ ಸಲ ಆರನೇ ದಿನದ ದೋಣಿಯಲ್ಲಿ ಕಳಿಸಿದೆ. ದಿನಾ ಫೋನೂ ಮಾಡ್ತಿದ್ದೆ, ಇಲ್ದಿದ್ರೆ ಅವಳಿಗೆ ಅನ್ನ ಇಳಿಯಲ್ಲ. ಪಾಪ, ಈ ಸುದ್ದಿ ಕೇಳಿ ನನಗಿಂತ ಜಾಸ್ತಿ ಅತ್ತಿದಾಳೆ."

"ನಿನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆ ಫೋಟೋ ಯಾವುದು?"

ಕ್ಯಾಮೆರಾದಲ್ಲಿ ತೋರಿಸಿದಳು. ದೀಪ ಕಾಯುವ ಮುದುಕ ತನ್ನ ಅಂಗಿಯ ತುದಿಯಿಂದಲೇ ದೀಪದ ಗಾಜು ಒರೆಸುತ್ತಿದ್ದ. ಒಂಬತ್ತನೇ ದಿನ ತೆಗೆದದ್ದಂತೆ.

"ಮಲಗ್ತಿದ್ದಿದ್ದು ಎಲ್ಲಿ?"

"ಮೀನುಬಲೆ ಇಡೋ ಶೆಡ್ಡಿನಲ್ಲಿ, ಬಲೆ ಮೇಲೇ. ಅಲ್ಲಿ ವಸತಿಗೃಹ ಎಲ್ಲಿಂದ ಬರಬೇಕು?"

ಮುಖಪುಟದ ಫೋಟೋ ಕಳುವಾಗಿರುವಾಗ ಹಾಸಿಗೆಯ ವಿಚಾರ ಯಾಕೆಂದು ನನಗೆ ಸಿಟ್ಟೇ ಬಂತು. ಅವಳು ಹೋದ ಮೇಲೆ ಲೇಖನವನ್ನು ನಾನೇ ಜೋರಾಗಿ ಓದಿದೆ. ನಾಲ್ಕನೇ ಪುಟದಲ್ಲಿ ಹೀಗಿತ್ತು: "ವಸತಿಗೃಹದ ಒಡತಿ ಕೊಟ್ಟ ಎರಡು ಕಂಬಳಿ ಹೊದ್ದು, ಕಡಲಿಗೆ ಮುಖ ಮಾಡಿದ ಮಹಡಿ ಕೋಣೆಯಲ್ಲಿ ಬೆಚ್ಚಗೆ ಮಲಗುತ್ತಿದ್ದೆ." ಟೀಸಿಯಮ್ಮ ಆ ಪುಟದ ಮೂಲೆ ಮಡಚಿಟ್ಟು, "ನಾಳೆ ಎಲ್ಲರನ್ನೂ ಕರೀರಿ," ಎಂದರು. ಅವರ ಮುಖ ಸಪ್ಪಗಾಗಿತ್ತು.

ಮರುದಿನ ಮಧ್ಯಾಹ್ನ ಎಲ್ಲರೂ ನನ್ನ ಅಂಗಡಿಯಲ್ಲಿ ಸೇರಿದರು. ಇದ್ದ ಒಂದೇ ಗಟ್ಟಿ ಕುರ್ಚಿಯಲ್ಲಿ ಸಂಪಾದಕರು ಕುಳಿತರು. ಇಸ್ತ್ರಿ ಮೇಜಿಗೆ ಒರಗಿದ ಫ್ಲ್ಯಾಶ್ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದ. ಬೆಂಚಿನ ಮೇಲೆ ಅಕ್ಕ ತಂಗಿಯ ಕೈ ಹಿಡಿದು ಕುಳಿತಿದ್ದಳು. ತಾಯಿ ತೀರಿಕೊಂಡ ಮೇಲೆ, ಓದುವುದು ಬಿಟ್ಟು ತಂಗಿಯನ್ನು ಸಾಕಿದವಳು ಅವಳೇ.

"ಅಲೆಗಾತಿ ಯಾರು ಅಂತ ನೀವು ವಿಚಾರಿಸಲೇ ಇಲ್ವಾ?" ಎಂದು ಟೀಸಿಯಮ್ಮ ಸಂಪಾದಕರನ್ನು ಕೇಳಿದರು.

"ಅಂಚೆಯಲ್ಲಿ ಬಂತು. ವಿಳಾಸ ಇರಲಿಲ್ಲ. ಮುಖಪುಟಕ್ಕೆ ಏನೂ ಇರಲಿಲ್ಲ, ಹಾಕಿಬಿಟ್ವಿ," ಎಂದು ಅವರು ಗೊಣಗಿದರು.

"ಸರಿ. ನೀವು ಹಾಕಿದ ಆರು ಫೋಟೋನೂ ಮೊದಲ ಆರು ದಿನದ್ದು. ಒಂಬತ್ತನೇ ದಿನದ್ದು ಇಲ್ನೋಡಿ." ಸಂಪಾದಕರು ಕ್ಯಾಮೆರಾ ಹಿಡಿದು ನೆಟ್ಟಗೆ ಕುಳಿತರು. "ಅಲೆಗಾತಿ ಕಳಿಸಿದ ಕಾರ್ಡಿನಲ್ಲಿ ಈ ಮುದುಕ ಇದ್ನಾ?"

"ಇಲ್ಲ. ಇದ್ದಿದ್ರೆ ಇದನ್ನೇ ಮುಖಪುಟಕ್ಕೆ ಹಾಕ್ತಿದ್ದೆ."

"ಫ್ಲ್ಯಾಶ್ ಕದ್ದಿದ್ರೆ ಇದನ್ನ ಬಿಡ್ತಿದ್ನಾ? ಅವನಿಗೆ ಫೋಟೋ ಗೊತ್ತು. ಕದ್ದವರ ಹತ್ರ ಇದ್ದಿದ್ದು ಮೊದಲ ಕಾರ್ಡು ಮಾತ್ರ. ಇನ್ನು ಬರಹ. ಇವಳ ಟಿಪ್ಪಣಿ ಪುಸ್ತಕ ತರಿಸಿ ನೋಡಿದೆ, ಅದರಲ್ಲಿ ಬಲೆಯ ಶೆಡ್ ಅಂತಿದೆ, ಲೇಖನದಲ್ಲಿ ಮಹಡಿ ಕೋಣೆ, ಎರಡು ಕಂಬಳಿ ಅಂತಿದೆ. ಆ ದ್ವೀಪದಲ್ಲಿ ಇಲ್ಲದ ಕೋಣೆ ಇಲ್ಲಿಗೆ ಹೇಗೆ ಬಂತು?" ಟೀಸಿಯಮ್ಮ ಸವಾರಿಯ ಕಡೆ ತಿರುಗಿದರು. "ಮಗಳೇ, ಆ ಕೋಣೆ ಇದೆ ಅಂತ ಯಾರಿಗೆ ಹೇಳಿದ್ದೆ?"

ಸವಾರಿ ಅಕ್ಕನ ಕಡೆ ನೋಡಿದಳು. ಅವಳಿಗೆ ಗೊತ್ತಾಗಿತ್ತು. ಹೇಳಿದರೆ ಅಕ್ಕ ಹೋದಳು, ಹೇಳದಿದ್ದರೆ ಮೂರು ವರ್ಷದ ಬದುಕು ಹೋಯಿತು.

ಬಾಯಿ ಬಿಟ್ಟವಳು ಅಕ್ಕ.

"ಬಲೆ ಮೇಲೆ ಮಲಗಿದ್ಯಾ?" ಎಂದಳು. "ಹನ್ನೊಂದು ದಿನ? ಆ ಚಳಿಯಲ್ಲಿ? ಬೆಚ್ಚಗಿದ್ದೀನಿ ಅಂತ ನನಗೆ ಸುಳ್ಳು ಹೇಳಿದ್ಯಾ?"

"ನೀನು ನಿದ್ದೆಗೆಡ್ತೀಯ ಅಂತ ಹೇಳಿದೆ ಅಕ್ಕಾ," ಎಂದು ಸವಾರಿ ಕೈ ಬಿಡಿಸಿಕೊಂಡಳು. "ನೀನ್ಯಾಕೆ ಹೀಗೆ ಮಾಡಿದೆ?"

"ಅಕ್ಷರ ಕಲಿಸಿದ್ದು ನಾನು. ದಿನಾ ಫೋನಲ್ಲಿ ನಿನ್ನ ಊರುಗಳನ್ನೆಲ್ಲ ಕೇಳ್ತಾ ಕೇಳ್ತಾ... ನಾನೂ ಒಂದು ಸಲ ಹೋಗಿ ಬಂದ ಹಾಗೆ ಬರೀಬೇಕು ಅನ್ನಿಸ್ತು. ಹೊಟ್ಟೆಕಿಚ್ಚು ಕಣೇ. ನಿನ್ನನ್ನ ಕಳ್ಳಿ ಅಂದಾಗ್ಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ."

ಸವಾರಿ ಅಳಲಿಲ್ಲ. "ಯಾರೋ ಮಾಡಿದ್ರೆ ಬೈದು ಸುಮ್ನಾಗ್ತಿದ್ದೆ. ಹೊರಡು ಅಕ್ಕಾ," ಎಂದಳಷ್ಟೆ. ಅಕ್ಕ ಚೀಲವನ್ನೂ ಮರೆತು ಹೋದಳು. ನಾನು ಫ್ಲ್ಯಾಶ್‌ನ ಕ್ಷಮೆ ಕೇಳಿದೆ; ಅವನು ಒಂದು ಪ್ಯಾಂಟು ಪುಕ್ಕಟೆ ಹೊಲಿಸಿಕೊಂಡ.

ಮುಂದಿನ ಸಂಚಿಕೆಯಲ್ಲಿ ಸಂಪಾದಕರು ತಪ್ಪೊಪ್ಪಿಕೊಂಡು, ಮುದುಕನ ಫೋಟೋ ಜೊತೆ ಸವಾರಿಯ ಹೆಸರು ಹಾಕಿದರು. ಅವಳಿಗೆ ಬಿಡುವಿಲ್ಲದಷ್ಟು ಕೆಲಸ ಬರತೊಡಗಿತು. ಮೊದಲ ಕಾರ್ಡನ್ನು ಇನ್ನು ನನ್ನ ಅಂಗಡಿಗೇ ಕಳಿಸುತ್ತೇನೆಂದಳು. ನಾನು ಹೆಮ್ಮೆಯಿಂದ ಒಂದು ಡಬ್ಬಿಯನ್ನೇ ತೆಗೆದಿಟ್ಟೆ.

ಕಳೆದ ವಾರ ಯಾವುದೋ ಬೆಟ್ಟದೂರಿಂದ ಸವಾರಿಯ ಮೊದಲ ಲಕೋಟೆ ಬಂತು. ನಾನೂ ಟೀಸಿಯಮ್ಮನೂ ಅದನ್ನು ಬಹಳ ಹೊತ್ತು ಒಡೆಯದೆ ನೋಡುತ್ತಾ ಕುಳಿತೆವು. ಅದರ ಮೇಲೆ ಮೊದಲು ಅಕ್ಕನ ವಿಳಾಸವನ್ನು ಪೂರ್ತಿ ಬರೆದು, ಆಮೇಲೆ ಹೊಡೆದುಹಾಕಿ, ಕೆಳಗೆ ನನ್ನದನ್ನು ಬರೆದಿದ್ದಳು.