ದೀಪಕ್ಕೆ ಎಣ್ಣೆ ಎಲ್ಲಿಂದ?

ಬೆಳಗ್ಗೆ ಒಂಬತ್ತಕ್ಕೆ ಚಿತ್ರ ಬರೆಯುವ ಕೋಣೆಯ ಬಾಗಿಲು ತೆರೆದರೆ ಗೋಡೆ ಬೋಳು. ಹಿಂದಿನ ಸಂಜೆವರೆಗೂ ಅಲ್ಲಿ ತ್ಸುಕುದಾ ಅವರ ನಕ್ಷೆ ಇತ್ತು. ಆಕಾಶದಲ್ಲಿ ತೇಲುವ ಊರು, ಮನೆ ಮನೆಯ ಮುಂದೊಂದು ದೀಪ. ನಮ್ಮ ಕ್ಯೋಟೋ ಕಂಪನಿಯ ಹೊಸ ವಿಡಿಯೋ ಗೇಮಿನ ಇಡೀ ಲೋಕ ಅದು. ಮೂವತ್ತು ವರ್ಷ ಗೇಮುಗಳಿಗೆ ಊರು ಕಟ್ಟಿಕೊಟ್ಟ ಆ ಹೆಂಗಸು ನಿವೃತ್ತಿಗೆ ಮುಂಚೆ ಬರೆದ ಕೊನೆಯ ಊರು.

ಹತ್ತಕ್ಕೆ ಇನ್ನೊಂದು ಸುದ್ದಿ. ಅದೇ ಊರಿನ ಚಿತ್ರ ಇಂಟರ್‌ನೆಟ್ಟಿನಲ್ಲಿ. ಹಾಕಿದವರ ಹೆಸರಿಲ್ಲ.

ನಿರ್ದೇಶಕ ಒನೊದೆರಾ ಕೆಂಡವಾಗಿದ್ದರು. "ಆ ಕೋಣೆ ಕೀಲಿ ಇರೋದು ಮೂವರ ಹತ್ರ. ತ್ಸುಕುದಾ-ಸಾನ್, ಕುರಾಹಾಶಿ, ಇಬುಕಿ. ನಿನ್ನೆ ಕೊನೇಲಿ ಹೊರಟವಳು ಇಬುಕಿ. ನಕ್ಷೆಯ ನಾಲ್ಕೂ ಪಿನ್ನು ಅವಳ ಮೇಜಿನ ಮೇಲೇ ಸಿಕ್ಕಿವೆ. ಮಧ್ಯಾಹ್ನದೊಳಗೆ ಅವಳು ಜಾಗ ಖಾಲಿ ಮಾಡ್ಲಿ!"

ಇಬುಕಿ ತ್ಸುಕುದಾ ಅವರ ಶಿಷ್ಯೆ. "ನಾನಲ್ಲ" ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ರಟ್ಟಿನ ಡಬ್ಬಕ್ಕೆ ಪುಸ್ತಕ, ಪಿನ್ನು, ಮೇಜಿನ ಮೇಲಿದ್ದುದನ್ನೆಲ್ಲ ತುಂಬತೊಡಗಿದಳು. ನಾನು ನಿರ್ದೇಶಕರ ಎದುರು ಹೋದೆ.

"ಒನೊದೆರಾ-ಸಾನ್, ಒಂದು ಗಂಟೆ ಕೊಡಿ," ಅಂದೆ.

"ನೀನ್ಯಾವಾಗ ಪತ್ತೇದಾರ ಆದೆ, ಉರಾಬೆ?"

"ತಪ್ಪು ಹುಡುಕೋಕೇ ಅಲ್ವಾ ನೀವು ನನಗೆ ಸಂಬಳ ಕೊಡೋದು?"

ನಾನು ಇಲ್ಲಿ ಟೆಸ್ಟರ್. ಗೇಮಿನ ಪ್ರತಿ ಗೋಡೆಗೂ ಹಣೆ ಚಚ್ಚಿ ಬಿರುಕು ಹುಡುಕುವುದು ನನ್ನ ಕೆಲಸ.

*

ಇಂಟರ್‌ನೆಟ್ಟಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅದು ಫೋಟೋ ಅಲ್ಲ. ನಕ್ಷೆ ಎದುರಿಗಿಟ್ಟುಕೊಂಡು, ತುಂಬ ಪ್ರೀತಿಯಿಂದ ಬರೆದದ್ದು. ಎಲ್ಲ ಹಾಗೇ ಇತ್ತು, ಒಂದನ್ನು ಬಿಟ್ಟು. ಪ್ರತಿ ದೀಪದ ಬುಡದಿಂದ ಕೂದಲೆಳೆಯಂಥ ಗೆರೆಯೊಂದು ಇಳಿದು ಊರಿನ ಅಡಿಯ ತೊಟ್ಟಿಗೆ ಸೇರಿತ್ತು. ತೊಟ್ಟಿಯ ಎಡಕ್ಕೆ, ತುಂಬಿ ಹೆಚ್ಚಾದದ್ದು ಹೊರಹೋಗಲು ಪುಟ್ಟ ಕೊಳವೆ.

ತ್ಸುಕುದಾ ಅವರ ದೀಪಗಳಿಗೆ ಎಣ್ಣೆಯೇ ಇಲ್ಲ. ಮನೆಯವರು ಕೊಟ್ಟ ಮಾತು ಉಳಿಸಿಕೊಂಡಿರುವಷ್ಟು ದಿನ ಉರಿಯುತ್ತವೆ, ತಪ್ಪಿದರೆ ಆರುತ್ತವೆ. ಆ ನಿಯಮ ಮೊದಲು ಕೇಳಿದ ದಿನ ನನಗೆ ಮೈ ಜುಮ್ಮೆಂದಿತ್ತು.

*

ಕೀಲಿಯಿದ್ದ ಮೂವರನ್ನೂ ಕೂರಿಸಿ ಕಾಗದ ಕೊಟ್ಟೆ. "ಈ ಊರಿಗೊಂದು ಬಾವಿ ಬರೀರಿ. ಐದು ನಿಮಿಷ."

"ಇದೇನು ಶಾಲೆನಾ?" ಎಂದು ಕುರಾಹಾಶಿ ಗೊಣಗಿದ. ಬಾಹ್ಯಾಕಾಶದ ಗೇಮುಗಳ ವಿಭಾಗಕ್ಕೆ ಅವನೇ ಮುಖ್ಯಸ್ಥ. ಆದರೂ ಬರೆದ.

ತ್ಸುಕುದಾ ಮುಚ್ಚಳ ಹಾಕಿದ ಬಾವಿ ಬರೆದರು. ಇಬುಕಿ ಬಾವಿಯ ಕೆಳಗೆ 'ಸುಳ್ಳು ಹೇಳಿದವರ ಕೊಡ ತುಂಬುವುದಿಲ್ಲ' ಎಂದು ಬರೆದಿದ್ದಳು. ಕುರಾಹಾಶಿಯ ಹಾಳೆಯಲ್ಲಿ ಪಂಪು, ತೊಟ್ಟಿ, ತೊಟ್ಟಿಯ ಎಡಕ್ಕೊಂದು ಪುಟ್ಟ ಕೊಳವೆ.

ಇಂಟರ್‌ನೆಟ್ಟಿನ ಚಿತ್ರವನ್ನು ಅದರ ಪಕ್ಕಕ್ಕಿಟ್ಟು ಕುರಾಹಾಶಿಯ ಕಡೆ ತಿರುಗಿದೆ.

"ಕತ್ತಿ ಇದ್ರೆ ಫ್ಯಾಂಟಸಿ, ರಾಕೆಟ್ ಇದ್ರೆ ಸೈನ್ಸ್ ಫಿಕ್ಷನ್ ಅಂತ ಹೊರಗಿನವರು ಅಂದ್ಕೋತಾರೆ. ಆದ್ರೆ ನಿಜವಾದ ವ್ಯತ್ಯಾಸ ನಿಮ್ಮ ಕೈಗೆ ಗೊತ್ತು. ಇಬುಕಿ ಕೇಳೋದು, ಈ ನೀರು ಯಾರಿಗೆ ದಕ್ಕುತ್ತೆ ಅಂತ. ನೀವು ಕೇಳೋದು, ಎಲ್ಲಿಂದ ಬರುತ್ತೆ ಅಂತ. ಇಬುಕಿ ಕದ್ದಿದ್ರೆ ದೀಪಕ್ಕೆ ಕೊಳವೆ ಎಳೀತಿರಲಿಲ್ಲ, ಕುರಾಹಾಶಿ-ಸಾನ್. ನಿಮಗೆ ಎಳೀದೆ ಇರೋಕಾಗ್ಲಿಲ್ಲ."

ಕುರಾಹಾಶಿ ಎದ್ದುಹೋಗಿ ತನ್ನ ಚೀಲದಿಂದ ಸುರುಳಿ ತಂದ. ನಕ್ಷೆ ಮುಕ್ಕಾಗಿರಲಿಲ್ಲ.

"ಮಾರೋಕಲ್ಲ," ಅಂದ. "ಇಷ್ಟು ಚೆಂದದ ಊರು ನಾನು ಕಂಡಿರಲಿಲ್ಲ. ಎಣ್ಣೆ ಇಲ್ದೆ ಆ ದೀಪ ಹೇಗೆ ಉರಿಯುತ್ತೆ ಅನ್ನೋದು ಮೂರು ತಿಂಗಳಿಂದ ತಲೆ ಕೊರೀತಿತ್ತು. ಇಬುಕಿ ಹೋದ್ಮೇಲೆ ವಾಪಸ್ ಬಂದು ಬಿಚ್ಚಿದೆ, ಪಿನ್ನು ಪಕ್ಕದ ಮೇಜಿಗಿಟ್ಟೆ, ನಕ್ಷೆ ಮನೆಗೊಯ್ದು ನೋಡ್ಕೊಂಡು ಬರೆದೆ. ನನ್ನ ಕೊಳವೆಗಳು ಸರಿನಾ ಅಂತ ಬಲ್ಲವರನ್ನ ಕೇಳೋಕೆ ಚಿತ್ರ ಹಾಕಿದೆ. ಬೆಳಗ್ಗೆ ಬೇಗ ಬಂದು ತೂಗು ಹಾಕೋಣ ಅಂದ್ಕೊಂಡಿದ್ದೆ, ರೈಲು ತಡ ಆಯ್ತು. ಇಬುಕಿ ಹೆಸರು ಬಂದಾಗ... ಬಾಯಿ ಬಿಡೋ ಧೈರ್ಯ ಬರಲಿಲ್ಲ."

ತ್ಸುಕುದಾ ಕನ್ನಡಕ ಏರಿಸಿ ಅವನ ಕೊಳವೆಗಳನ್ನು ಬಹಳ ಹೊತ್ತು ನೋಡಿದರು.

"ಎಷ್ಟು ಚೆನ್ನಾಗಿದೆ! ಒಂದು ಹನಿನೂ ಸೋರಲ್ಲ," ಅಂದರು. "ಆದ್ರೆ ನೋಡಪ್ಪ, ನಿನ್ನೂರಲ್ಲಿ ದೀಪ ಆರಿದ್ರೆ ರಿಪೇರಿಯವನನ್ನ ಕರೀತಾರೆ. ನನ್ನೂರಲ್ಲಿ, ಯಾರಿಗೆ ತಪ್ಪು ಮಾಡಿದ್ರೋ ಅವರ ಹತ್ರ ಹೋಗ್ತಾರೆ."

ಕುರಾಹಾಶಿ ಒನೊದೆರಾ ಕಡೆ ತಿರುಗಲಿಲ್ಲ. ಇಬುಕಿಯ ಮುಂದೆ ನಿಂತು ಸೊಂಟ ಬಾಗಿಸಿದ. ತುಂಬ ಹೊತ್ತು ತಲೆಯೆತ್ತಲಿಲ್ಲ.

ಇಬುಕಿ ಡಬ್ಬದೊಳಗೆ ಕೈಹಾಕಿ ನಾಲ್ಕು ಪಿನ್ನು ತೆಗೆದಳು.

"ತಗೊಳ್ಳಿ," ಅಂದಳು. "ನೀವೇ ತೂಗು ಹಾಕಿ. ಸೊಟ್ಟ ಆಗ್ಬಾರ್ದು."